ಸೊನ್ನೆಯ ಹೆಜ್ಜೆ

ಈ ನಡುವೆ ನನಗೆ ಹೆಜ್ಜೆ ಎಣಿಸುವ ಚಟ ಹತ್ತಿದೆ. ಆರೋಗ್ಯಕ್ಕಾಗಿ ಅಲ್ಲ. ಆರೋಗ್ಯಕ್ಕೆ ಎಣಿಸುವವರ ಮಣಿಕಟ್ಟಿನಲ್ಲಿ ಒಂದು ಯಂತ್ರ ಇರುತ್ತದೆ. ಅದೇ ಎಣಿಸಿ ಅದೇ ಶಹಬಾಸ್ ಎನ್ನುತ್ತದೆ. ನಾನು ಎಣಿಸುವುದು ಬಾಯಲ್ಲಿ, ತುಟಿ ಅಲ್ಲಾಡದ ಹಾಗೆ. ಸಾಗರದ ನಮ್ಮ ಮನೆಯ ಗೇಟಿನಿಂದ ಹಾಲಿನ ಬೂತಿಗೆ ನಿನ್ನೆ ಇನ್ನೂರ ಹದಿನೆಂಟು ಹೆಜ್ಜೆ ಇತ್ತು, ಇವತ್ತು ಇನ್ನೂರ ಹತ್ತೊಂಬತ್ತು. ಒಂದೇ ದಿನದಲ್ಲಿ ಊರು ಒಂದು ಹೆಜ್ಜೆ ಹಿಗ್ಗಿರಲಾರದು. ತಪ್ಪು ಇರುವುದು ಶುರುವಿನಲ್ಲಿ. ಗೇಟು ತೆಗೆಯುವಾಗಲೇ ಒಂದು ಕಾಲು ಹೊರಗೆ ಬಂದಿರುತ್ತದಲ್ಲ, ಅದನ್ನು ಒಂದು ಎನ್ನಬೇಕೋ, ಅಥವಾ ಅದು ಬರೀ ಹೊರಡುವ ತಯಾರಿಯೋ? ಹೀಗೆ ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟುಕೊಂಡು ಯೋಚಿಸುತ್ತಾ ನಿಂತಿದ್ದಾಗ ಪಕ್ಕದ ಮನೆಯವರು ಕೇಳಿದರು:

"ಎಂತ ಸರ್, ಏನಾದ್ರೂ ಮರ್ತು ಬಂದ್ರಾ?"

"ಹೌದು" ಅಂದೆ. ಅದು ಸುಳ್ಳೂ ಅಲ್ಲ. ಏನನ್ನೋ ಮರೆತಿರುವುದು ಖಂಡಿತ. ಏನನ್ನು ಎಂಬುದಷ್ಟೇ ಗೊತ್ತಿಲ್ಲ.

ಈ ಚಟಕ್ಕೆ ಕಾರಣ ಒಂದು ಮಧ್ಯಾಹ್ನದ ಬಾಸ್ಕೆಟ್‌ಬಾಲ್ ಪಂದ್ಯ. ಅದನ್ನು ನಾನು ಆಡಿದ್ದಲ್ಲ, ಆಡಿಸಿದ್ದು. ಅದರಲ್ಲಿ ನಡೆದದ್ದೆಲ್ಲ ನನಗೆ ಗೊತ್ತಿದೆ ಎಂದು ಇತ್ತೀಚಿನವರೆಗೂ ತಿಳಿದಿದ್ದೆ.

ಮೊದಲು ನನ್ನ ಅರ್ಹತೆಯ ವಿಷಯ ಹೇಳಿಬಿಡುತ್ತೇನೆ. ನಾನು ಸಾಗರದ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ವಿಶ್ವವಿದ್ಯಾನಿಲಯದಲ್ಲಿ ಓದಿದ್ದು ತತ್ತ್ವಶಾಸ್ತ್ರ. ಅಲ್ಲಿ ಮೊದಲ ವರ್ಷವಿಡೀ ಹೇಗೆ ಅನುಮಾನಪಡಬೇಕು ಎಂದು ಕಲಿಸಿದರು. ಅನುಮಾನವನ್ನು ಎಲ್ಲಿ ನಿಲ್ಲಿಸಬೇಕು ಎಂಬ ಪಾಠ ಎರಡನೇ ವರ್ಷದಲ್ಲಿತ್ತು. ಆಗ ನಾನು ಬಾಸ್ಕೆಟ್‌ಬಾಲ್ ಆಡುತ್ತಿದ್ದೆ. ಅಂದರೆ, ಆಡುತ್ತಿದ್ದೆ ಎಂದು ನನ್ನ ನೆನಪು. ಅಂತರ ವಿಶ್ವವಿದ್ಯಾನಿಲಯ ಪಂದ್ಯವೊಂದರಲ್ಲಿ ಎಡಬದಿಯಿಂದ ನುಗ್ಗಿ ಚೆಂಡನ್ನು ಬುಟ್ಟಿಗೆ ಹಾಕಿದ್ದು, ಯಾರೋ ಬೆನ್ನು ತಟ್ಟಿದ್ದು, ಅಂಗಿ ಬೆನ್ನಿಗೆ ಅಂಟಿದ್ದು ಎಲ್ಲ ಕಣ್ಣಿಗೆ ಕಟ್ಟಿದಂತಿದೆ. ಕೆಲವು ವರ್ಷಗಳ ಹಿಂದೆ ಒಂದು ಮದುವೆಯಲ್ಲಿ ಆಗಿನ ನಮ್ಮ ಕ್ಯಾಪ್ಟನ್ ಸಿಕ್ಕಿದ. ಹೆಮ್ಮೆಯಿಂದ ಆ ಬುಟ್ಟಿಯ ಮಾತು ತೆಗೆದೆ. ಅವನು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ, "ಅದು ನಾನು ಹಾಕಿದ್ದಲ್ವನಾ? ನೀನು ಬೆಂಚಲ್ಲಿ ಕೂತು ನಮ್ಮ ಟವೆಲ್ ಹಿಡ್ಕೊಂಡಿದ್ದೆ" ಅಂದ. ವಿಚಿತ್ರವೆಂದರೆ, ಅವನು ಹಾಗೆ ಅಂದ ಕೂಡಲೇ ಟವೆಲ್ಲಿನ ವಾಸನೆಯೂ ನೆನಪಾಯಿತು. ಈಗ ನನ್ನಲ್ಲಿ ಎರಡೂ ನೆನಪುಗಳಿವೆ, ಎರಡೂ ಅಷ್ಟೇ ಸ್ಪಷ್ಟ.

ಆದರೆ ನೌಕರಿಗೆ ಸೇರುವಾಗ ಬರೆದುಕೊಟ್ಟ ಕಾಗದದಲ್ಲಿ "ವಿಶ್ವವಿದ್ಯಾನಿಲಯದ ಬಾಸ್ಕೆಟ್‌ಬಾಲ್ ಆಟಗಾರ" ಎಂದಿತ್ತು. ಟವೆಲ್ಲಿಗೆ ಅಲ್ಲಿ ಕಾಲಂ ಇರಲಿಲ್ಲ. ಹಾಗಾಗಿ ಸುತ್ತಮುತ್ತ ಎಲ್ಲಿ ಬಾಸ್ಕೆಟ್‌ಬಾಲ್ ಪಂದ್ಯವಿದ್ದರೂ, "ಸಾಗರದ ಮೇಷ್ಟ್ರನ್ನು ಕರೀರಿ, ಯೂನಿವರ್ಸಿಟಿಗೆ ಆಡಿದವರು" ಎಂದು ಸೀಟಿಯನ್ನು ನನ್ನ ಕೊರಳಿಗೆ ಹಾಕುತ್ತಿದ್ದರು. ಸೀಟಿ ಕೊರಳಿಗೆ ಬಿದ್ದ ಮೇಲೆ ಮನುಷ್ಯನಿಗೆ ತನ್ನ ಮೇಲೆ ಸ್ವಲ್ಪ ನಂಬಿಕೆ ಬರುತ್ತದೆ. ಅಪಾಯ ಇರುವುದೇ ಅಲ್ಲಿ.

ಈಗ ಆ ಪಂದ್ಯಕ್ಕೆ ಬರುತ್ತೇನೆ. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕುಗಳ ಹೈಸ್ಕೂಲು ಹುಡುಗಿಯರಲ್ಲಿ ಒಂದೇ ತಂಡ ಜಿಲ್ಲಾ ಮಟ್ಟಕ್ಕೆ ಹೋಗಬೇಕಿತ್ತು. ಆಟ ತೀರ್ಥಹಳ್ಳಿಯಲ್ಲಿ. ಮಳೆಗಾಲ ಆಗಷ್ಟೇ ಮುಗಿದಿತ್ತು. ಸಿಮೆಂಟು ಅಂಕಣದ ಪಾಚಿಯನ್ನು ಕೆರೆದು ಬ್ಲೀಚಿಂಗ್ ಪುಡಿ ಹಾಕಿ ತೊಳೆದಿದ್ದರು. ಇಡೀ ಮೈದಾನ ಆಸ್ಪತ್ರೆಯ ಹಾಗೆ ನಾರುತ್ತಿತ್ತು. ಚೀಟಿ ಎತ್ತಿದಾಗ ಹೊಸನಗರಕ್ಕೆ ನೇರ ಫೈನಲ್ ಸಿಕ್ಕಿತು. ನಮ್ಮ ಸಾಗರದ ತಂಡ ಬೆಳಿಗ್ಗೆಯೇ ತೀರ್ಥಹಳ್ಳಿಗೆ ಸೋತು ನನ್ನನ್ನು ತಟಸ್ಥನನ್ನಾಗಿ ಮಾಡಿತು. ರೆಫರಿಗಳು ಇಬ್ಬರಿರಬೇಕು. ಎರಡನೆಯವರು ಬರುತ್ತೇನೆಂದು ಫೋನಿನಲ್ಲಿ ಹೇಳುತ್ತಲೇ ಇದ್ದರು, ಸಂಜೆಯವರೆಗೂ ಹೇಳುತ್ತಿದ್ದರು. ನಾನೊಬ್ಬನೇ ಆದೆ.

ಹಿಂದಿನ ವಾರವಷ್ಟೇ ಎಲ್ಲ ಶಾಲೆಗಳ ವಾಟ್ಸ್ಯಾಪ್ ಗುಂಪಿಗೆ ಮೇಲಿನ ಕಚೇರಿಯಿಂದ ಒಂದು ಸುತ್ತೋಲೆ ಬಂದಿತ್ತು. ಎರಡೇ ಸಾಲು. "ಬಾಸ್ಕೆಟ್‌ಬಾಲ್ ಪಂದ್ಯಗಳಲ್ಲಿ ಹೆಜ್ಜೆಗಳಿಗೆ ಸಂಬಂಧಿಸಿದಂತೆ ಬದಲಾದ ನಿಯಮವನ್ನು ಸಂದರ್ಭಾನುಸಾರ ಅನುಸರಿಸತಕ್ಕದ್ದು. ನಿಯಮದ ಪ್ರತಿಯನ್ನು ಲಗತ್ತಿಸಿದೆ." ಲಗತ್ತನ್ನು ತೆರೆದರೆ ಅದರಲ್ಲಿ ಬಿಸಿಯೂಟದ ಮೊಟ್ಟೆ ವಿತರಣೆಯ ನಮೂನೆ ಇತ್ತು. ಗುಂಪಿನಲ್ಲಿದ್ದವರೆಲ್ಲ ಒಂದೊಂದು ಹೆಬ್ಬೆರಳು ಒತ್ತಿ ಸುಮ್ಮನಾದರು. ನಾನೂ ಒತ್ತಿದೆ.

ಬದಲಾದದ್ದು ಏನು ಎಂಬುದನ್ನು ಬಾಸ್ಕೆಟ್‌ಬಾಲ್ ನೋಡದವರಿಗೂ ತಿಳಿಯುವಂತೆ ಹೇಳಬಹುದು. ಈ ಆಟದಲ್ಲಿ ಚೆಂಡನ್ನು ಕೈಯಲ್ಲಿ ಹಿಡಿದುಕೊಂಡು ಓಡುವ ಹಾಗಿಲ್ಲ. ನೆಲಕ್ಕೆ ಬಡಿಯುತ್ತಾ ಓಡಬೇಕು. ಕೈಯಲ್ಲಿ ಹಿಡಿದರೆ ಎರಡು ಹೆಜ್ಜೆ ಮಾತ್ರ, ಅಷ್ಟರಲ್ಲಿ ಎಸೆದುಬಿಡಬೇಕು. ಮೂರನೆಯದು ಇಟ್ಟರೆ ತಪ್ಪು, ಆಟದ ಭಾಷೆಯಲ್ಲಿ 'ಟ್ರಾವೆಲ್', ಸೀಟಿ. ಸರಿ, ಓಡುತ್ತಿರುವ ಹುಡುಗಿಗೆ ಗಾಳಿಯಲ್ಲಿ ಚೆಂಡು ಬಂತು. ಹಿಡಿಯುವ ಕ್ಷಣದಲ್ಲಿ ಅವಳ ಒಂದು ಕಾಲು ನೆಲದ ಮೇಲೆಯೇ ಇದೆ. ಆ ಕಾಲು ಒಂದೋ? ಹಳೆಯ ನಿಯಮದಲ್ಲಿ ಅದು ಒಂದು. ಹೊಸದರಲ್ಲಿ ಅದು ಸೊನ್ನೆ; ಒಂದು, ಎರಡು ಆಮೇಲೆ ಬರುತ್ತವೆ. ಅಷ್ಟೇ ವ್ಯತ್ಯಾಸ. ಒಂದು ಪಾದದಗಲದ ವ್ಯತ್ಯಾಸ.

ಜಗತ್ತಿಗೆ ಸೊನ್ನೆ ಕೊಟ್ಟವರು ನಾವು ಎಂದು ನಾನೇ ಎಂಟನೇ ತರಗತಿಗೆ ವರ್ಷಕ್ಕೊಮ್ಮೆ ಎದೆಯುಬ್ಬಿಸಿ ಹೇಳುತ್ತೇನೆ. ಕೊಟ್ಟಿದ್ದೇವೆ ನಿಜ, ಅದು ವಾಪಸ್ ಬಂದಾಗ ಎಲ್ಲಿಡಬೇಕೆಂದು ಮಾತ್ರ ನಮಗೆ ಗೊತ್ತಾಗುವುದಿಲ್ಲ. ಮಗುವಿಗೆ ಒಂದು ವರ್ಷ ತುಂಬಿದ ದಿನವೇ "ಎರಡರಲ್ಲಿ ಬಿತ್ತು" ಎನ್ನುತ್ತೇವೆ. ಹುಲಿಕಲ್ ಘಾಟಿ ಇಳಿಯುವಾಗ ತಿರುವುಗಳನ್ನು ಎಣಿಸುವ ಆಟ ಆಡಿದವರಿಗೆ ಗೊತ್ತು: ಒಂದೇ ಬಸ್ಸಿನ ಒಂದೇ ಸೀಟಿನಲ್ಲಿ ಕೂತ ಇಬ್ಬರ ಲೆಕ್ಕ ಎಂದೂ ಒಂದಾಗುವುದಿಲ್ಲ. ಮೊದಲನೆಯದು ತಿರುವೋ, ಬರೀ ವಾಲುವಿಕೆಯೋ ಎಂಬಲ್ಲೇ ಜಗಳ ಹತ್ತಿ, ಅದು ಮುಗಿಯುವಷ್ಟರಲ್ಲಿ ಬಸ್ಸು ಘಟ್ಟದ ಕೆಳಗಿರುತ್ತದೆ.

ನಮ್ಮ ಮನೆಯಲ್ಲೇ ಇಂಥದೊಂದು ವ್ಯಾಜ್ಯ ಇಪ್ಪತ್ತು ವರ್ಷದಿಂದ ಬಾಕಿಯಿದೆ. ನಮ್ಮ ಮದುವೆಯ ಸಪ್ತಪದಿಯಲ್ಲಿ ಅಕ್ಕಿಯ ಏಳು ಗುಪ್ಪೆ ಇಟ್ಟಿದ್ದರು. ನಾನು ಗಾಬರಿಯಲ್ಲಿ ಹೆಂಡತಿಯ ಕೈ ಹಿಡಿದು ಎಳೆದೆನಂತೆ. ಅವಳು ಮೊದಲ ಗುಪ್ಪೆಗೆ ಮುಂಚೆಯೇ ಬರಿನೆಲದ ಮೇಲೆ ಒಂದು ಹೆಜ್ಜೆ ಇಟ್ಟುಬಿಟ್ಟಳಂತೆ. ಭಟ್ಟರು "ಅದು ಬಿಡಿ, ಇಲ್ಲಿಂದ" ಎಂದು ಮಂತ್ರ ಮುಂದುವರಿಸಿದರಂತೆ. ನನಗೆ ಇದೊಂದೂ ನೆನಪಿಲ್ಲ. ಏಳೇ ಹೆಜ್ಜೆ ಎಂದು ನನ್ನ ವಾದ.

"ಎಂಟು" ಎನ್ನುತ್ತಾಳೆ ಅವಳು. "ನಂಗೆ ಸರೀ ನೆನಪಿದ್ದು. ಕಾಲು ಇಟ್ಟಿದ್ದು ನಾನು, ನೀವಲ್ಲ."

ಅಂಕಣದ ಕಡೆ ಹೋಗೋಣ. ಪಂದ್ಯಕ್ಕೆ ಮುಂಚೆ ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ಅವಲಕ್ಕಿ, ಚಹಾ ಇಟ್ಟಿದ್ದರು. ಇದ್ದವರು ಮೂವರು. ತೀರ್ಥಹಳ್ಳಿ ತಂಡದ ದೈಹಿಕ ಶಿಕ್ಷಕ ಮಂಜಪ್ಪಗೌಡರು. ಮೂವತ್ತು ವರ್ಷದ ಸರ್ವಿಸ್ಸು, ಸೀಟಿ ಇಲ್ಲದೆಯೇ ಬಾಯಲ್ಲಿ ಸೀಟಿಯಷ್ಟು ಜೋರಾಗಿ ಊದಬಲ್ಲವರು. ಹೊಸನಗರ ತಂಡದ ಲಲಿತಾ ಟೀಚರ್. ಸರ್ವಿಸ್ಸು ಆರು ವರ್ಷ, ಆದರೆ ದೇಶವಿದೇಶದ ಪಂದ್ಯಗಳನ್ನು ಮೊಬೈಲಿನಲ್ಲಿ ನೋಡಿ ಕಲಿತು ಕಲಿಸುವವರು. ಮತ್ತು ನಾನು.

"ಸೊನ್ನೆ ಅಂತೆ ಸೊನ್ನೆ" ಅಂದರು ಮಂಜಪ್ಪಗೌಡರು. "ಇಟ್ಟ ಕಾಲು ಇಟ್ಟ ಹಂಗೇ ಮಾರಾಯ್ರೆ. ಕಣ್ಣಿಗೆ ಕಾಣೋ ಕಾಲನ್ನ ಇಲ್ಲ ಅನ್ನೂದು ಹ್ಯಾಂಗೆ? ನಮ್ಮ ಹುಡ್ಗೀರಿಗೆ ನಾನು ಹಳೇದ್ರಲ್ಲೇ ಕಲ್ಸಿದ್ದು."

"ಎಲ್ಲಾ ಕಡೆ ಹೊಸದೇ ಆಡ್ತಿದಾರೆ ಸರ್" ಅಂದರು ಲಲಿತಾ ಟೀಚರ್. "ಜಿಲ್ಲೆಗೆ ಹೋದ್ರೆ ಅಲ್ಲೂ ಹೊಸದೇ ಇರ್ತದೆ. ನಾನು ಎರಡು ವರ್ಷದಿಂದ ಇದನ್ನೇ ಕಲ್ಸಿದೀನಿ. ಸುತ್ತೋಲೇನೂ ಬಂದದೆ."

"ಬಂದದೆ. ಮೊಟ್ಟೆದು."

ಇಬ್ಬರೂ ನನ್ನ ಕಡೆ ನೋಡಿದರು. ಈಗ ಯೋಚಿಸಿದರೆ, ಆಗ ನಾನು ಮಾಡಬೇಕಿದ್ದ ಕೆಲಸ ಸರಳವಾಗಿತ್ತು. ಹೊಸ ನಿಯಮ ಯಾವುದೆಂದು ಯಾರಿಗಾದರೂ ಫೋನ್ ಮಾಡಿ ಕೇಳಿ ಅದನ್ನೇ ಹಿಡಿಯಬೇಕಿತ್ತು. ಆದರೆ ನಮ್ಮ ಕಡೆ ಒಂದು ರೂಢಿ ಇದೆ. ಇಬ್ಬರು ಒಂದು ವಸ್ತುವಿಗೆ ಹೊಡೆದಾಡಿದರೆ ಅದು ಯಾರದೆಂದು ನಾವು ತೀರ್ಮಾನಿಸುವುದಿಲ್ಲ, ಪಾಳಿ ಹಾಕುತ್ತೇವೆ. ಕಾಲುವೆಯ ನೀರಿಗೆ ಪಾಳಿ, ದೇವರ ಪೂಜೆಗೆ ಪಾಳಿ, ಹಿಸ್ಸೆಯಾದ ಮನೆಯ ಹಂಡೆಗೂ ಪಾಳಿ. ಯಾರೂ ಸೋಲುವುದಿಲ್ಲ, ಯಾರೂ ಪೂರ್ತಿ ಗೆಲ್ಲುವುದಿಲ್ಲ, ಎಲ್ಲರೂ ಚಹಾ ಕುಡಿದು ಏಳುತ್ತಾರೆ. ತತ್ತ್ವಶಾಸ್ತ್ರ ಓದಿದ ನನ್ನ ಬಾಯಿಂದ ಬಂದದ್ದೂ ಅದೇ.

"ಮೊದಲ ಅರ್ಧ ಹಳೇ ನಿಯಮ, ಎರಡನೇ ಅರ್ಧ ಹೊಸ ನಿಯಮ. ಹ್ಯಾಗೆ?"

ಇಬ್ಬರೂ "ಅಡ್ಡಿಲ್ಲ" ಅಂದರು. ಹಳೆಯ ಹಾಜರಿ ಹಾಳೆಯ ಹಿಂಬದಿಗೆ ಅದನ್ನು ಬರೆದು ಮೂವರೂ ಸಹಿ ಮಾಡಿದೆವು. ಅಷ್ಟರಲ್ಲಿ ಬಂದ ಮುಖ್ಯೋಪಾಧ್ಯಾಯರು ಅದರ ಕೆಳಗೆ ಶಾಲೆಯ ಮೊಹರು ಒತ್ತಿದರು. ಆಟದ ಚರಿತ್ರೆಯಲ್ಲಿ ಒಂದೇ ಪಂದ್ಯವನ್ನು ಎರಡು ನಿಯಮಗಳಲ್ಲಿ ಆಡಿಸಿದ ಮೊದಲ ರೆಫರಿ ನಾನಿರಬಹುದು ಎಂದು ಆಗ ಒಳಗೊಳಗೇ ಹಿಗ್ಗಿದೆ.

ಹೊಸನಗರದ ತಂಡದ ಕ್ಯಾಪ್ಟನ್ ರಕ್ಷಿತಾ ಎಂಬ ಹುಡುಗಿ. ರಿಪ್ಪನ್‌ಪೇಟೆಯ ಆಚೆ ಒಂದು ಹಳ್ಳಿಯಿಂದ ಬರುವವಳು. ಕಾಲಿನ ಬಿಳಿ ಕ್ಯಾನ್ವಾಸಿಗೆ ಒಂದು ಕಡೆ ಕಪ್ಪು ಲೇಸು, ಇನ್ನೊಂದು ಕಡೆ ಬಿಳಿಯದು. ಹತ್ತನೇ ತರಗತಿ, ಅಂದರೆ ಹೈಸ್ಕೂಲಿನಲ್ಲಿ ಅವಳಿಗೆ ಇದೇ ಕೊನೆಯ ವರ್ಷ. ಜಿಲ್ಲಾ ಮಟ್ಟದಲ್ಲಿ ಆಡಿದ ಸರ್ಟಿಫಿಕೇಟು ಇದ್ದರೆ ಆಟದ ಕೋಟಾದಲ್ಲಿ ಪಿಯು ಹಾಸ್ಟೆಲಿನ ಸೀಟು ಸಿಗಬಹುದು, ಇಲ್ಲದಿದ್ದರೆ ದಿನಾ ಎರಡೆರಡು ಬಸ್ಸು ಬದಲಿಸಿ ಓಡಾಡಬೇಕು ಎಂದು ಲಲಿತಾ ಟೀಚರ್ ನನಗೆ ಚಹಾ ಕುಡಿಯುವಾಗಲೇ ಹೇಳಿದ್ದರು. ರೆಫರಿಗೆ ಇಂಥ ಮಾತುಗಳನ್ನು ಹೇಳಬಾರದು. ಹೇಳಿದ ಮೇಲೆ ಆ ಹುಡುಗಿಯ ಕಾಲು ಬರೀ ಕಾಲಾಗಿ ಕಾಣುವುದಿಲ್ಲ.

ಆಟ ಚೆನ್ನಾಗಿಯೇ ನಡೆಯಿತು. ಮೊದಲ ಅರ್ಧದಲ್ಲಿ ರಕ್ಷಿತಾ ಸೊನ್ನೆಯ ಹೆಜ್ಜೆ ಇಟ್ಟಾಗಲೆಲ್ಲ ನಾನು ಸೀಟಿ ಊದಿ, ಎರಡು ಮುಷ್ಟಿಗಳನ್ನು ಎದೆಯ ಮುಂದೆ ಗಾಣದಂತೆ ತಿರುಗಿಸಿ, ತಪ್ಪು ಎಂದು ತೋರಿಸಿದೆ. ಎರಡನೇ ಅರ್ಧದಲ್ಲಿ ಅದೇ ಹುಡುಗಿ ಅದೇ ಹೆಜ್ಜೆ ಇಟ್ಟಾಗ ಮಹಾ ಉದಾರಿಯಂತೆ ನಿಂತು ನೋಡಿದೆ. ಬೇಲಿಯ ಹೊರಗೆ ನಿಂತು ನೋಡುತ್ತಿದ್ದವರಲ್ಲಿ ಒಬ್ಬರು, "ರೆಫರಿಗೆ ಈಗ ಸುಸ್ತಾಗಿದೆ, ಊದೂದು ಬಿಟ್ರು" ಅಂದದ್ದು ಕಿವಿಗೆ ಬಿತ್ತು. ಮೊಹರು ಒತ್ತಿದ ಹಾಳೆ ಜೇಬಿನಲ್ಲಿದ್ದುದರಿಂದ ನಾನು ತಲೆ ಕೆಡಿಸಿಕೊಳ್ಳಲಿಲ್ಲ.

ಕೊನೆಗೆ ಅಂಕ ಸಮವಾಯಿತು. ಸಮವಾದರೆ ಐದು ನಿಮಿಷ ಹೆಚ್ಚುವರಿ ಆಟ ಆಡಿಸಬೇಕು. ಆಡಿಸಿದೆ. ಆ ಐದು ನಿಮಿಷ ಯಾರ ಪಾಳಿಗೆ ಸೇರಿದ್ದು ಎಂದು ಹಾಳೆಯಲ್ಲಿ ಬರೆದಿಲ್ಲ ಎಂಬುದು ನಮ್ಮ ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ನಾಲ್ಕೂ ಚಿಲ್ಲರೆ ನಿಮಿಷ ಸಮಸ್ಯೆಯೂ ಬರಲಿಲ್ಲ. ತೀರ್ಥಹಳ್ಳಿ ಒಂದು ಅಂಕ ಮುಂದಿತ್ತು. ಕೊನೆಯ ಗಳಿಗೆಯಲ್ಲಿ ರಕ್ಷಿತಾಗೆ ಚೆಂಡು ಬಂತು. ಓಡುತ್ತಲೇ ಹಿಡಿದಳು, ಒಂದು ಕಾಲು ನೆಲದ ಮೇಲಿತ್ತು, ಅಲ್ಲಿಂದ ನುಗ್ಗಿ ಹಾರಿ ಎಸೆದಳು. ಚೆಂಡು ಹಲಗೆಗೆ ತಾಗಿ ಬುಟ್ಟಿಯೊಳಗೆ ಬಿತ್ತು. ಅದು ನೆಲ ಮುಟ್ಟುವಾಗ ಸಮಯ ಮುಗಿಯಿತೆಂದು ಶಾಲೆಯ ಗಂಟೆ ಬಾರಿಸಿದರು. ಬುಟ್ಟಿಗೆ ಎರಡು ಅಂಕ; ಅದು ಲೆಕ್ಕಕ್ಕೆ ಬಂದರೆ ಹೊಸನಗರ ಒಂದು ಅಂಕದಿಂದ ಗೆದ್ದಂತೆ, ಬರದಿದ್ದರೆ ತೀರ್ಥಹಳ್ಳಿ.

ಗಂಟೆಯ ಮೇಲೆ ನಾನೂ ಸೀಟಿ ಊದಿದೆ. ಎರಡು ಮುಷ್ಟಿಗಳೂ ತಾವಾಗಿಯೇ ಎದೆಯ ಮುಂದೆ ಬಂದು ನಿಂತವು. ಆದರೆ ತಿರುಗಲಿಲ್ಲ. ಹಾಗೇ ನಿಂತೆ, ಯಾರಿಗೋ ಕೈಮುಗಿಯಲು ಹೊರಟು ಮನಸ್ಸು ಬದಲಿಸಿದವನಂತೆ.

ಮಂಜಪ್ಪಗೌಡರು ಅಂಕಣದೊಳಗೆ ಬಂದರು. "ಎಕ್ಸ್ಟ್ರಾ ಟೈಮ್ ಅಂದ್ರೆ ಮೊದ್ಲಿಂದ ಶುರು. ಮೊದ್ಲಿಗೆ ಹಳೇದು ಅಂತ ನೀವೇ ಬರ್ದಿದ್ದು."

ಲಲಿತಾ ಟೀಚರ್ ಇನ್ನೊಂದು ಕಡೆಯಿಂದ ಬಂದರು. "ಹೆಂಗೆ ಸರ್ ಮೊದ್ಲಿಂದ ಆಗ್ತದೆ? ಎರಡನೇ ಅರ್ಧ ಮುಂದುವರಿದದ್ದು ಇದು. ಹೊಸದೇ."

ಹೆಚ್ಚುವರಿ ಆಟ ಕೊನೆಯ ಭಾಗದ ಮುಂದುವರಿಕೆ ಎಂದು ನಿಯಮದ ಪುಸ್ತಕದಲ್ಲಿ ಓದಿದ ಹಾಗೆ ನನಗೂ ನೆನಪು. ಬಲಗಡೆಯ ಪುಟ, ಕೆಳಗಿನಿಂದ ಮೂರನೇ ಸಾಲು ಎಂಬಷ್ಟು ನೆನಪು. ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಟವೆಲ್ಲಿನ ವಾಸನೆ ಬಂತು. ಎಡಬದಿಯಿಂದ ನುಗ್ಗಿ ಬುಟ್ಟಿ ಹಾಕಿದ್ದೂ ಇಷ್ಟೇ ಸ್ಪಷ್ಟವಾಗಿ ನೆನಪಿತ್ತಲ್ಲ. ಬಾಯಿ ಮುಚ್ಚಿದೆ.

ಆಗ ಬೇರೆ ಏನೋ ನೆನಪಾಯಿತು, ಬೇಕಾಗಿದ್ದಕ್ಕಿಂತ ಮೂರು ಗಂಟೆ ತಡವಾಗಿ. ವರದಾಮೂಲದ ದಾರಿಯಲ್ಲಿ ನಮ್ಮ ಮನೆತನದ್ದೊಂದು ಸಣ್ಣ ಗುಡಿ ಇದೆ. ನನ್ನ ಅಜ್ಜ ಮತ್ತು ಅವನ ತಮ್ಮ ಹಿಸ್ಸೆಯಾದಾಗ ಪೂಜೆಗೆ ಪಾಳಿ ಹಾಕಿಕೊಂಡರು. ಚೈತ್ರದಿಂದ ಆರು ತಿಂಗಳು ಅಣ್ಣ, ಆಶ್ವಯುಜದಿಂದ ಆರು ತಿಂಗಳು ತಮ್ಮ. ಕೆಲವು ವರ್ಷ ಸುಗಮವಾಗಿ ನಡೆಯಿತು. ಒಂದು ವರ್ಷ ಅಧಿಕ ಆಶ್ವಯುಜ ಬಂತು. ಅಣ್ಣ, "ನನ್ನ ಆರು ತಿಂಗಳು ಮುಗಿಯಿತು" ಎಂದ. ತಮ್ಮ, "ನನ್ನದು ನಿಜ ಆಶ್ವಯುಜದಿಂದ, ಅಧಿಕ ನನ್ನದಲ್ಲ" ಎಂದ. ಇಬ್ಬರೂ ಪಂಚಾಂಗ ಹಿಡಿದುಕೊಂಡು ಜಗುಲಿಯ ಎರಡು ತುದಿಯಲ್ಲಿ ಕೂತರು. ಗುಡಿಯ ಬಾಗಿಲು ಮುಚ್ಚಿಯೇ ಇತ್ತು. ಮೂರನೇ ದಿನ ಅಜ್ಜಿ, "ಯಾರ ಪಾಳಿನೂ ಅಲ್ದಿದ್ರೆ ದೇವ್ರು ತಿಂಗಳಿಡೀ ಉಪಾಸ ಇರಕ್ಕಾ?" ಎಂದು ಕೇಳಿ, ತಾನೇ ಹೋಗಿ ಬಾಗಿಲು ತೆಗೆದು ದೀಪ ಹಚ್ಚಿ ಬಂದಳು. ಈ ಕಥೆಯನ್ನು ನಾನು ಚಿಕ್ಕಂದಿನಿಂದ ಕೇಳಿದ್ದೇನೆ. (ನಮ್ಮ ಅತ್ತೆಯನ್ನು ಕೇಳಿದರೆ, ಅಜ್ಜಿ ಹೋಗಲೇ ಇಲ್ಲ, ಪಕ್ಕದೂರಿನ ಭಟ್ಟರನ್ನು ಗೊತ್ತು ಮಾಡಿದ್ದರು ಎನ್ನುತ್ತಾರೆ. ಇರಲಿ.) ಇಷ್ಟು ಕೇಳಿದ್ದೂ, ಅವಲಕ್ಕಿ ತಿನ್ನುತ್ತಾ ಅದೇ ತಪ್ಪಿಗೆ ಸಹಿ ಹಾಕಿ ಮೊಹರು ಒತ್ತಿಸಿದ್ದೆ. ನೆನಪಿನ ಬಗ್ಗೆ ನನಗಿರುವ ದೊಡ್ಡ ದೂರು ಅದು ಸುಳ್ಳು ಹೇಳುತ್ತದೆ ಎಂಬುದಲ್ಲ. ನಿಜ ಹೇಳುವಾಗಲೂ ಬಸ್ಸು ಹೋದ ಮೇಲೆ ಬರುತ್ತದೆ ಎಂಬುದು.

ಮಾತು ಬೆಳೆಯಿತು. ಮೊಹರಿನ ಹಾಳೆಯನ್ನು ಜೇಬಿನಿಂದ ತೆಗೆದು ಓದಿದ್ದಾಯಿತು, ತಿರುಗಿಸಿ ಹಾಜರಿಯನ್ನೂ ಓದಿದ್ದಾಯಿತು. ಹುಡುಗಿಯರು ಎರಡೂ ತಂಡದವರು ಬುಟ್ಟಿಯ ಕೆಳಗೆ ಒಟ್ಟಿಗೇ ಕೂತು ಒಂದೇ ಬಾಟಲಿಯಿಂದ ನೀರು ಕುಡಿಯುತ್ತಿದ್ದರು. ನನಗೆ ಅಜ್ಜಿಯ ನೆನಪಿನ ಬಲ ಇತ್ತೋ, ಬರೀ ದಿಕ್ಕು ತೋಚದ್ದೋ, ಅವರ ಹತ್ತಿರ ಹೋಗಿ ರಕ್ಷಿತಾಳನ್ನೂ ತೀರ್ಥಹಳ್ಳಿಯ ಕ್ಯಾಪ್ಟನ್ ಸಿಂಚನಾಳನ್ನೂ ಕರೆದೆ. ಮೊದಲರ್ಧ ಹಳೆಯದು, ಎರಡನೆಯದು ಹೊಸದು ಎಂದು ಒಪ್ಪಿಕೊಂಡಿದ್ದೆವಲ್ಲ, ಈಗ ಹೀಗಾಗಿದೆ ನೋಡಿ ಎಂದೆ.

ಇಬ್ಬರೂ ಮುಖ ಮುಖ ನೋಡಿಕೊಂಡರು.

"ಯಾವಾಗ ಸರ್ ಒಪ್ಪಿದ್ದು?" ಅಂದಳು ಸಿಂಚನಾ.

"ನಮಗೆ ಯಾರೂ ಹೇಳ್ಲೇ ಇಲ್ಲ" ಅಂದಳು ರಕ್ಷಿತಾ. "ಮೊದ್ಲು ಯಾಕೆ ಊದ್ತಿದ್ರಿ, ಆಮೇಲೆ ಯಾಕೆ ಬಿಟ್ರಿ ಅಂತ ಗೊತ್ತಾಗ್ಲಿಲ್ಲ. ನೀವು ಊದಿದ್ರೆ ನಿಲ್ಲೂದು, ಊದದೇ ಇದ್ರೆ ಓಡೂದು ಮಾಡಿದ್ವಿ."

ನಾನು ಮಂಜಪ್ಪಗೌಡರ ಕಡೆ ನೋಡಿದೆ. ಅವರು ಲಲಿತಾ ಟೀಚರ್ ಕಡೆ ನೋಡಿದರು. ಟೀಚರ್, "ಹೇಳಿದ್ರೆ ಮಕ್ಕಳಿಗೆ ಕನ್‌ಫ್ಯೂಸ್ ಆಗ್ತದೆ ಅಂತ..." ಎಂದು ಮೆಲ್ಲಗೆ ಅಂದರು. ಗೌಡರೂ ತಲೆಯಾಡಿಸಿದರು. ಆ ವಿಷಯದಲ್ಲಿ ಮಾತ್ರ ಇಬ್ಬರದೂ ಒಂದೇ ನಿಯಮ. ಹಾಗಾದರೆ ಮೂರು ಸಹಿ, ಒಂದು ಮೊಹರಿನ ಆ ಒಪ್ಪಂದ ಇದ್ದದ್ದು ಅಂಕಣದಲ್ಲಿ ಅಲ್ಲ, ನನ್ನ ಅಂಗಿಯ ಜೇಬಿನಲ್ಲಿ ಮಾತ್ರ.

"ಈಗ ಯಾವ ನಿಯಮ ಹಿಡಿಯೋಣ?" ಎಂದು ಕೇಳಿದೆ. ರೆಫರಿಯೊಬ್ಬ ಆಟಗಾರರನ್ನು ಕೇಳಬಾರದ ಪ್ರಶ್ನೆ ಅದು.

ರಕ್ಷಿತಾ ಸ್ವಲ್ಪ ಯೋಚಿಸಿದಳು. "ಯಾವ್ದಾದ್ರೂ ಆಗ್ತದೆ ಸರ್. ಮೊದ್ಲೇ ಹೇಳಿ" ಅಂದಳು. "ಇನ್ನೊಂದು ಐದು ನಿಮಿಷ ಆಡ್ತೀವಿ ಬೇಕಾದ್ರೆ."

ಅವಳ ಬುಟ್ಟಿ ಬಿದ್ದಾಗಿತ್ತು. ಗೆದ್ದೆ ಎಂದು ಹಟ ಹಿಡಿಯಲು ಅವಳಿಗೆ ಹಕ್ಕಿತ್ತು. ಲಲಿತಾ ಟೀಚರ್, "ಬಾಸ್ಕೆಟ್ ಹೋಗ್ತದಲ್ಲೇ ರಕ್ಷಿ" ಎಂದು ಅವಳ ಭುಜ ಹಿಡಿದರು. "ಹೋಗ್ಲಿ ಟೀಚರ್" ಅಂದಳು. ಮಂಜಪ್ಪಗೌಡರಿಗೂ ಅದನ್ನು ಕೇಳಿ ಏನೋ ಆಯಿತು. ಗಡಿಯಾರ ನೋಡಿಕೊಂಡು, "ಆತು, ಹೊಸದೇ ಹಿಡೀರಿ ಅತ್ಲಾಗೆ. ಬೇಗ ಮುಗ್ಸಿ, ಈ ಮಕ್ಕಳ ಬಸ್ಸು ಐದೂವರೆಗೆ" ಅಂದರು.

ಹೀಗೆ ಯಾವ ನಿಯಮದ ಪುಸ್ತಕದಲ್ಲೂ ಇಲ್ಲದ ತೀರ್ಪು ಕೊಟ್ಟು, ಎರಡೂ ತಂಡಗಳನ್ನು ಸಾಲಾಗಿ ನಿಲ್ಲಿಸಿ ಹೊಸ ನಿಯಮವನ್ನು ನಾನೇ ನಡೆದು ತೋರಿಸಿದೆ. ಕೈಯಲ್ಲಿ ಚೆಂಡು ಹಿಡಿದು, "ಇದು ಸೊನ್ನೆ, ಇದು ಒಂದು, ಇದು ಎರಡು." ನಲವತ್ತೆಂಟರ ಮನುಷ್ಯ ಹಾಗೆ ಕುಪ್ಪಳಿಸುವುದನ್ನು ನೋಡಿ ಹುಡುಗಿಯರು ನಗು ತಡೆದುಕೊಂಡರು, ಬೇಲಿಯ ಹೊರಗಿನವರು ತಡೆದುಕೊಳ್ಳಲಿಲ್ಲ. ಎಸೆಯಲೂ ನೋಡಿದೆ. ಚೆಂಡು ಹಲಗೆಗೂ ತಾಗದೆ ಆಚೆ ಹೋಯಿತು. ಯೂನಿವರ್ಸಿಟಿ ಬುಟ್ಟಿಯ ವಿಷಯದಲ್ಲಿ ಮದುವೆಯಲ್ಲಿ ಸಿಕ್ಕಿದ್ದ ಕ್ಯಾಪ್ಟನ್ ಹೇಳಿದ್ದೇ ಸರಿಯೆಂದು ಅಂದೇ ತೀರ್ಮಾನವಾಯಿತು.

ಆ ಐದು ನಿಮಿಷದಲ್ಲಿ ಗೆದ್ದದ್ದು ತೀರ್ಥಹಳ್ಳಿ. ಕೊನೆಯ ಬುಟ್ಟಿ ಹಾಕಿದವಳು ಸಿಂಚನಾ; ಹಾಕಿದ್ದು ಸೊನ್ನೆಯ ಹೆಜ್ಜೆಯಲ್ಲಿ, ಹತ್ತು ನಿಮಿಷದ ಹಿಂದೆ ಕಲಿತದ್ದರಲ್ಲಿ. ಮಂಜಪ್ಪಗೌಡರು, "ಕಂಡ್ರಾ? ನಮ್ಮ ಹುಡ್ಗೀರು" ಎಂದು, ಆ ನಿಯಮವನ್ನು ತಾವೇ ತಂದವರಂತೆ ಬೀಗಿದರು. ರಕ್ಷಿತಾ ಅಳಲಿಲ್ಲ. ಕೂತು ಲೇಸು ಬಿಚ್ಚಿದಳು, ಕಪ್ಪನೆಯದು ಒಂದು, ಬಿಳಿಯದು ಒಂದು. ಬ್ಯಾಗು ಹೆಗಲಿಗೇರಿಸಿ ಬಸ್ಸಿಗೆ ಓಡಿದಳು.

ಅಂದಿನಿಂದ ನನಗೆ ಈ ಚಟ. ನಾನು ಆ ಬುಟ್ಟಿಯನ್ನು ಒಪ್ಪಬೇಕಿತ್ತೋ ಬಿಡಬೇಕಿತ್ತೋ ಎಂದು ಎಲ್ಲೆಲ್ಲೋ ನಿಂತು ಯೋಚಿಸಿದ್ದೇನೆ. ತರಗತಿಯಲ್ಲಿ ಸಂವಿಧಾನದ ತಿದ್ದುಪಡಿ ಪಾಠ ಮಾಡುತ್ತಾ ಮಧ್ಯದಲ್ಲಿ ನಿಂತಿದ್ದೇನೆ. ಹೊಸ ನಿಯಮದ ಪ್ರಕಾರ ನೋಡಿದರೆ ಗೆಲುವು ಆ ಹುಡುಗಿಯದು. ಅದನ್ನು ನಾನು, ಪಾಳಿ ಹಾಕುವ ಚಪಲದಲ್ಲಿ, ಅವಳಿಂದ ಕಿತ್ತುಕೊಂಡೆ. ಹಾಸ್ಟೆಲಿನ ಸೀಟನ್ನೂ. ಸೀಟಿಯನ್ನು ಶಾಲೆಗೆ ವಾಪಸ್ ಕೊಟ್ಟೆ. ಈಗ ಪಂದ್ಯಗಳಿಗೆ ಕರೆದರೆ ಮಂಡಿನೋವು ಎನ್ನುತ್ತೇನೆ.

ಹೋದ ತಿಂಗಳು ರಿಪ್ಪನ್‌ಪೇಟೆಯಲ್ಲಿ ಬಸ್ಸಿಗೆ ಕಾಯುತ್ತಿದ್ದೆ. "ನಮಸ್ತೆ ಸರ್, ಗುರ್ತು ಸಿಕ್ತಾ?" ಎಂದಿತು ಒಂದು ದನಿ. ಮುಖ ಗೊತ್ತಾಗಲಿಲ್ಲ. ಕಾಲು ನೋಡಿದೆ. ಈಗ ಎರಡೂ ಲೇಸು ಒಂದೇ ಬಣ್ಣ, ಆದರೂ ನಿಂತ ರೀತಿಯಿಂದ ಗೊತ್ತಾಯಿತು. ರಕ್ಷಿತಾ. ಪಿಯುಸಿ ಎರಡನೇ ವರ್ಷವಂತೆ, ತೀರ್ಥಹಳ್ಳಿಯಲ್ಲೇ. ಎಸ್ಸೆಸ್ಸೆಲ್ಸಿ ಅಂಕದ ಮೇಲೆಯೇ ಹಾಸ್ಟೆಲ್ ಸಿಕ್ಕಿತಂತೆ. ಅವಳೂ ಸಿಂಚನಾಳೂ ಈಗ ಒಂದೇ ಕಾಲೇಜು, ಒಂದೇ ತಂಡ, ಒಂದೇ ರೂಮು.

ಎದೆಯ ಮೇಲಿನ ಒಂದು ಚಪ್ಪಡಿ ಇಳಿಯಿತು. ಇನ್ನೊಂದು ಇತ್ತು. ಅದನ್ನೂ ಇಳಿಸಿಕೊಂಡುಬಿಡೋಣ ಎಂದು, "ಅವತ್ತು ಆ ಬುಟ್ಟಿ ನಿನ್ನದೇ ಆಗಿತ್ತಮ್ಮ. ನನ್ನಿಂದ ತಪ್ಪಾಯ್ತು" ಅಂದೆ.

ಅವಳು ನಕ್ಕಳು. "ಇಲ್ಲ ಸರ್. ಅದು ಟ್ರಾವೆಲ್ಲೇ."

"ಹಳೇ ನಿಯಮದಲ್ಲಿ..."

"ಹೊಸದ್ರಲ್ಲೂ. ನಂದು ಮೂರು ಹೆಜ್ಜೆ ಸರ್ ಅವತ್ತು. ಸೊನ್ನೆ ಬಿಟ್ಟು ಮೂರು. ಅಷ್ಟು ದೂರದಿಂದ ಎರಡ್ರಲ್ಲಿ ಮುಟ್ಟಕ್ಕಾಗ್ತದಾ?"

"ಮತ್ತೆ ಆಗಲೇ ಯಾಕೆ ಹೇಳಲಿಲ್ಲ?"

"ನೀವ್ಯಾರೂ ಎಷ್ಟು ಹೆಜ್ಜೆ ಅಂತ ಕೇಳ್ಲೇ ಇಲ್ವಲ್ಲ ಸರ್. ಯಾವ ರೂಲು ಅಂತ್ಲೇ ಕೇಳ್ತಿದ್ರಿ. ಟೀಚರಿಗೆ ಬೇಜಾರಾಗ್ತದೆ ಅಂತ ನಾನೂ ಸುಮ್ನಾದೆ. ಅದಕ್ಕೇ ಇನ್ನೊಂದ್ಸಲ ಆಡಾಣ ಅಂದಿದ್ದು."

ಬಸ್ಸು ಬಂತು, ಅವಳು ಹತ್ತಿ ಹೋದಳು. ನಾನು ನನ್ನ ಬಸ್ಸನ್ನು ಬಿಟ್ಟೆ. ಮತ್ತೊಂದಕ್ಕೆ ಕಾಯುತ್ತಾ ಆ ಕ್ಷಣವನ್ನು ಕಣ್ಣಮುಂದೆ ತಂದುಕೊಳ್ಳಲು ನೋಡಿದೆ. ಚೆಂಡು ಬಂತು, ಒಂದು ಕಾಲು ನೆಲದ ಮೇಲಿತ್ತು, ಅದು ಸ್ಪಷ್ಟ. ಆಮೇಲೆ ಬುಟ್ಟಿ. ನಡುವೆ ಏನೂ ಇಲ್ಲ. ಎರಡು ವರ್ಷದಿಂದ ಆ ಒಂದು ಕಾಲನ್ನೇ ನೋಡುತ್ತಾ ಕೂತಿದ್ದೇನೆ! ಅದು ಒಂದೋ ಸೊನ್ನೆಯೋ ಎಂಬ ಚಿಂತೆಯಲ್ಲಿ ಆಮೇಲಿನದನ್ನು ನಾನು ಎಣಿಸಿಯೇ ಇರಲಿಲ್ಲ. ಮಂಜಪ್ಪಗೌಡರೂ ಎಣಿಸಿರಲಿಲ್ಲ, ಲಲಿತಾ ಟೀಚರೂ ಇಲ್ಲ. ಎಲ್ಲಿಂದ ಎಣಿಸಬೇಕು ಎಂದು ಮೂವರು ಹಿರಿಯರು ಸಹಿ ಹಾಕಿ ಜಗಳವಾಡಿದೆವು. ಎಣಿಸಿದವಳು ಹೆಜ್ಜೆ ಇಟ್ಟವಳೊಬ್ಬಳೇ.

ನನ್ನ ಸಮಾಧಾನಕ್ಕಾಗಿ ಅವಳು ಹಾಗೆ ಹೇಳಿರಬಹುದೇ ಎಂಬ ಅನುಮಾನ ಬಸ್ಸು ಆನಂದಪುರ ದಾಟುವಷ್ಟರಲ್ಲಿ ಬಂದೇ ಬಂತು. ಎರಡನೇ ವರ್ಷದ ಆ ಪಾಠ ನಾನು ಓದಿಲ್ಲವಷ್ಟೆ. ಆದರೆ ಈ ಸಲ ಅನುಮಾನವನ್ನು ಜೊತೆಯಲ್ಲಿ ಕೂರಿಸಿಕೊಂಡೇ ಮನೆಗೆ ಬಂದೆ. ಹೆಂಡತಿ ಬಾಗಿಲು ತೆಗೆದಳು. ಚಪ್ಪಲಿ ಬಿಡುತ್ತಾ, "ಎಂಟು ಹೆಜ್ಜೆಯೇ ಇದ್ದಿರಬೇಕು. ಒಪ್ಪಿದೆ" ಅಂದೆ.

"ಎಂತದು ಎಂಟು?" ಅಂದಳು.

ಸಪ್ತಪದಿಯ ವಿಷಯ ಎಂದು ನೆನಪಿಸಿದೆ.

"ಇಷ್ಟು ವರ್ಷ ಆದಮೇಲೆ ಅದನ್ನ ಎಂತಕ್ಕೆ ಎಣಿಸ್ತ್ರಿ?" ಅಂದಳು. "ಒಳಗೆ ಬನ್ನಿ."

ಒಂದು ಕಾಲು ಆಗಲೇ ಹೊಸ್ತಿಲಿನ ಒಳಗಿತ್ತು. ಅದನ್ನು ಲೆಕ್ಕಕ್ಕೆ ಹಿಡಿಯದೆ ಇನ್ನೊಂದನ್ನೂ ಒಳಗಿಟ್ಟೆ.